ಕಾಡಿನ ಮನೆಯ ಹಲಗೆ ಯಾರದ್ದು?

ಬಾಸ್ಟನ್‌ಗೆ ಬಂದು ಆರು ತಿಂಗಳಾಯಿತು, ಆಫೀಸು, ಬಾಡಿಗೆ, ಊರಿನ ಸಾಲದ ಕಂತು ಇಷ್ಟೇ ಆಗಿಹೋಗಿದೆ, ಎಲ್ಲ ಬಿಟ್ಟು ವಾಲ್ಡನ್ ಕೊಳದ ದಡದ ಕಾಡಿಗೆ ಹೋಗಿ ಸರಳವಾಗಿ ಬದುಕಿದ ಅಮೆರಿಕದ ಲೇಖಕ ಥೋರೋನೇ ಸರಿ ಅನ್ನಿಸುತ್ತಿದೆ ಅಂತ ಬರೆದಿದ್ದೀರಿ. ಅವನು ಸರಿಯಾ ಅಂತ ಕೇಳಿದ್ದೀರಿ. ಆ ಕೊಳದಿಂದ ಅರ್ಧ ಗಂಟೆ ದೂರದಲ್ಲಿ ನಾನು 21 ವರ್ಷದಿಂದ ಇದ್ದೇನೆ. ಬಂದ ನೆಂಟರನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋಗಿದ್ದೇನೆ. ಹಾಗಾಗಿ ಉತ್ತರ ಸ್ವಲ್ಪ ಉದ್ದ.

ಪಾರ್ಕಿಂಗ್ ಹತ್ತಿರ ಥೋರೋ ಅಲ್ಲಿ ಕಟ್ಟಿಕೊಂಡಿದ್ದ ಮನೆಯ ಹಾಗೇ ಇನ್ನೊಂದು ಕಟ್ಟಿಟ್ಟಿದ್ದಾರೆ. 10 ಅಡಿ ಅಗಲ, 15 ಅಡಿ ಉದ್ದ. ಒಂದು ಮಂಚ, ಮೇಜು, ಮೂರು ಕುರ್ಚಿ. ಅಮ್ಮ ಬಂದಿದ್ದಾಗ ಒಳಗೆ ಇಣುಕಿ, "ಇದನ್ನ ತೋರಿಸೋಕಾ ಕರ್ಕೊಂಡ್ ಬಂದೆ? ನಮ್ಮ ತೋಟದ ಪಂಪ್ ಮನೆ ಇದಕ್ಕಿಂತ ವಾಸಿ" ಅಂದಿದ್ದರು.

1845ರ ಜುಲೈ 4ರಂದು ಥೋರೋ ಅಲ್ಲಿ ಬಿಡಾರ ಹೂಡಿದ. ಎರಡು ವರ್ಷದ ಮೇಲೆ ಎರಡು ತಿಂಗಳು ಇದ್ದ. ಜಾಗ ಅವನ ಗೆಳೆಯ, ಲೇಖಕ ಎಮರ್ಸನ್‌ದು. ಅಪ್ಪ ಅಮ್ಮ ಇದ್ದದ್ದು ಒಂದೂವರೆ ಮೈಲಿ ಆಚೆ, ಕಾಂಕರ್ಡ್ ಊರಲ್ಲಿ. ಆಗಾಗ ಊಟಕ್ಕೆ ಹೋಗಿಬರುತ್ತಿದ್ದ. ಇದನ್ನೇ ಹಿಡಿದು ಆಡಿಕೊಳ್ಳುವವರು ಜಾಸ್ತಿ. ನನಗೆ ಅದು ತಪ್ಪು ಅನ್ನಿಸಿಲ್ಲ. ಅಮ್ಮನ ಕೈ ಊಟ ಬಿಟ್ಟರೇ ಬಂಡಾಯ ಅಂತ ಯಾರು ಹೇಳಿದ್ದು?

ನನ್ನ ತಕರಾರು ಬೇರೆ. ಆ ಮನೆಗೆ ಆದ ಖರ್ಚು 28 ಡಾಲರ್ 12 ಸೆಂಟು ಚಿಲ್ಲರೆ. ಮೊಳೆಯ ಲೆಕ್ಕವನ್ನೂ ಬರೆದಿಟ್ಟಿದ್ದಾನೆ. ಅದರ ಹಲಗೆಗಳು ಬಂದದ್ದು ಜೇಮ್ಸ್ ಕಾಲಿನ್ಸ್ ಎಂಬ ಐರಿಷ್ ವಲಸಿಗನ ಗುಡಿಸಲಿನಿಂದ. ಫಿಚ್‌ಬರ್ಗ್ ರೈಲು ದಾರಿಯಲ್ಲಿ ಕೂಲಿ ಮಾಡುತ್ತಿದ್ದವನು. 4 ಡಾಲರ್ 25 ಸೆಂಟಿಗೆ ಗುಡಿಸಲು ಕೊಟ್ಟುಬಿಟ್ಟ. ಮರುದಿನ ಬೆಳಿಗ್ಗೆ 6 ಗಂಟೆಗೆ ಆ ಸಂಸಾರ ದಾರಿಯಲ್ಲಿ ಎದುರಾಯಿತು. ಹಾಸಿಗೆ, ಕಾಫಿ ಬೀಜ ಬೀಸುವ ಗಿರಣಿ, ಕನ್ನಡಿ, ಕೋಳಿಗಳು, ಎಲ್ಲ ಒಂದೇ ಗಂಟು. ಬೆಕ್ಕು ಮಾತ್ರ ಹಿಂದೆ ಉಳಿಯಿತು. ಇಷ್ಟನ್ನೂ ಥೋರೋನೇ ಬರೆದಿದ್ದಾನೆ. ನಾನು ಸೂಟ್‌ಕೇಸಿನಲ್ಲಿ ಕುಕ್ಕರ್ ತುರುಕಿಕೊಂಡು ಬಂದವನು. ಅದನ್ನು ಓದುವಾಗೆಲ್ಲ ನನ್ನ ಕಣ್ಣು ಆ ಗಂಟಿನ ಮೇಲೇ ನಿಲ್ಲುತ್ತದೆ.

ಇನ್ನೊಬ್ಬ ಜಾನ್ ಫೀಲ್ಡ್. ಇವನೂ ಐರಿಷ್, ಜೌಗು ನೆಲ ಅಗೆಯುವ ಕೂಲಿ. ಮಳೆಗೆ ಅವನ ಸೋರುವ ಗುಡಿಸಲಲ್ಲಿ ನಿಂತ ಥೋರೋ ಉಪದೇಶ ಶುರು ಮಾಡಿದ. ಚಹಾ, ಕಾಫಿ, ಬೆಣ್ಣೆ, ಹಾಲು, ಮಾಂಸ ಬಿಡು, ಇಷ್ಟು ದುಡಿಯುವ ಅಗತ್ಯವೇ ಬೀಳೋದಿಲ್ಲ ಅಂತ. ಫೀಲ್ಡ್‌ಗೆ ಅಮೆರಿಕಕ್ಕೆ ಬಂದದ್ದರ ಲಾಭವೇ ಅದು, ದಿನಾ ಚಹಾ ಕಾಫಿ ಮಾಂಸ ಸಿಗೋದು! ಆ ಮಾತು ಥೋರೋಗೆ ಅರ್ಥ ಆಗಲಿಲ್ಲ. ನಮಗೆ ಆಗುತ್ತದೆ, ಅಲ್ವಾ?

ಆದರೆ ಅವನು ಪೂರ್ತಿ ಸರಿ ಇದ್ದ ಜಾಗವೂ ಒಂದಿದೆ. ಗುಲಾಮಗಿರಿ ನಡೆಸುವ, ಮೆಕ್ಸಿಕೋ ಮೇಲೆ ಯುದ್ಧಕ್ಕೆ ಹೋದ ಸರ್ಕಾರಕ್ಕೆ ತೆರಿಗೆ ಕೊಡೋದಿಲ್ಲ ಅಂತ 1846ರ ಜುಲೈನಲ್ಲಿ ಜೈಲಿಗೆ ಹೋದ. ಬರೀ ಒಂದು ರಾತ್ರಿ. ಯಾರೋ ದುಡ್ಡು ಕಟ್ಟಿ ಬಿಡಿಸಿದರು. ಆ ರಾತ್ರಿಯ ಬಗ್ಗೆ ಅವನು ಬರೆದದ್ದನ್ನು ಗಾಂಧಿ ಓದಿ ಮೆಚ್ಚಿದ್ದರು. ಅಲ್ಲಿ ಅವನ ಜೊತೆ ನನಗೆ ಜಗಳವೇ ಇಲ್ಲ.

ಈಗ ನಿಮ್ಮ ವಿಷಯ. ನಿಮ್ಮದು ಎಚ್-1ಬಿ, ಅಂದರೆ ಕಂಪನಿಯ ಕೆಲಸಕ್ಕೆ ಕಟ್ಟಿಹಾಕಿದ ವೀಸಾ. ಕೆಲಸ ಬಿಟ್ಟರೆ ಹೆಚ್ಚೆಂದರೆ 60 ದಿನ, ಅಷ್ಟರಲ್ಲಿ ಬೇರೆ ದಾರಿ ನೋಡಿಕೊಳ್ಳಬೇಕು. ಥೋರೋಗೆ ಊರು ಯಾವತ್ತೂ ಅವನದೇ ಆಗಿತ್ತು, ಬೇಡ ಅಂದರೂ ಕಾಯುತ್ತಿತ್ತು. ನಿಮಗೆ ಇನ್ನೂ ಒಳಗೆ ಕಾಲಿಡೋದೇ ಆಗಿಲ್ಲ. ಸುಮ್ನೆ ರಾಜೀನಾಮೆ ಬರೆಯಬೇಡಿ. ಮೊದಲು ಶನಿವಾರ ಲ್ಯಾಪ್‌ಟಾಪ್ ತೆರೆಯೋದು ಬಿಡಿ.

ಆ ಫಿಚ್‌ಬರ್ಗ್ ರೈಲು ಈಗಲೂ ಕೊಳದ ಪಕ್ಕದಲ್ಲೇ ಓಡುತ್ತದೆ. ನಾರ್ತ್ ಸ್ಟೇಷನ್‌ನಲ್ಲಿ ಹತ್ತಿ ಕಾಂಕರ್ಡ್‌ನಲ್ಲಿ ಇಳಿಯಿರಿ. ಬೇಸಿಗೆಯಲ್ಲಿ ಈಜುವವರ ಜಾತ್ರೆ, ನವೆಂಬರ್‌ನಲ್ಲಿ ಬನ್ನಿ. ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ ನಾನು ತರುತ್ತೇನೆ.