ಗೋಡೆಗೆ ಕೌದಿ ಕಟ್ಟಿ, ಆಮೇಲೆ ಹಾಡಿ

ಪ್ರಶ್ನೆ: 1990ರ ದಶಕದಲ್ಲಿ ಗೆಳೆಯರ ತಂಡದಲ್ಲಿ ಹಾಡುತ್ತಿದ್ದೆ, ಎರಡು ಕ್ಯಾಸೆಟ್ ಬಂದಿದ್ದವು. ಈಗ ನನಗೆ 58. ನಾನೇ ಬರೆದ ಎಂಟು ಹಾಡುಗಳ ಸೋಲೋ ಆಲ್ಬಂ ಮಾಡುವ ಆಸೆ. ದನಿ, ಗಿಟಾರು, ಏಕತಾರಿ, ಪೇಟಿ (ಹಾರ್ಮೋನಿಯಂ) ಅಷ್ಟೇ. ಮನೆಯ ಕೋಣೆಯಲ್ಲಿ ಹಾಡಿದರೆ ದನಿ ಡಬ್ಬಿಯೊಳಗಿಂದ ಬಂದ ಹಾಗೆ ಕೇಳುತ್ತದೆ. ಮೈಕ್ ಬದಲಿಸಬೇಕೆ?
– ಹಾಡುಗಾರ, ಬ್ರಹ್ಮಪುರ, ಕಲಬುರಗಿ

ಉತ್ತರ: ಸದ್ಯ ಮೈಕಿಗೆ ದುಡ್ಡು ಹಾಕಬೇಡಿ. ತಪ್ಪು ಕೋಣೆಯದು. ನೆಲಕ್ಕೆ ಶಹಾಬಾದ್ ಫರಸಿ, ಮೇಲೆ ಸ್ಲ್ಯಾಬು, ಸುತ್ತ ಗಿಲಾವು ಗೋಡೆ ಇರುವ ನಮ್ಮ ಕಡೆಯ ಕೋಣೆಗಳೆಲ್ಲ ಹೀಗೇ. ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ಹೊಡೆಯಿರಿ. ಸದ್ದು ಸಣ್ಣಗೆ ನಡುಗುತ್ತಾ ಉಳಿದರೆ ಎದುರುಬದುರು ಗೋಡೆಗಳು ಅದನ್ನು ಎಸೆದಾಡುತ್ತಿವೆ. ತಂಡದ ಹಾಡಿನಲ್ಲಿ ಡ್ರಮ್ಮು, ಕೀಬೋರ್ಡು ಇದನ್ನು ಮುಚ್ಚಿಬಿಡುತ್ತಿದ್ದವು. ಒಂಟಿ ದನಿಯಲ್ಲಿ ಎಲ್ಲವೂ ಬಯಲಾಗುತ್ತದೆ.

ಮನೆಯಲ್ಲಿರುವ ಕೌದಿಗಳನ್ನು ಹೊರತೆಗೆಯಿರಿ. ಹಳೆ ಸೀರೆ, ಧೋತರ ಪದರಪದರವಾಗಿ ಹೊಲಿದ ದಪ್ಪ ಕೌದಿಗಿಂತ ಒಳ್ಳೆಯದನ್ನು ಈ ಕೆಲಸಕ್ಕೆ ಹುಡುಕಬೇಕಿಲ್ಲ. ಹಗ್ಗ ಕಟ್ಟಿ, ಗೋಡೆಯಿಂದ 10 ಸೆಂ.ಮೀ. ಬಿಟ್ಟು, ಎರಡೆರಡು ತೂಗುಹಾಕಿ. ಗೋಡೆಗೇ ಅಂಟಿಸಿದರೆ ಬರೀ ಚುರುಕು ಸದ್ದು ಹೀರುತ್ತದೆ. ನಡುವೆ ಗಾಳಿ ಇದ್ದರೆ ದನಿಯ ನಡುಭಾಗವೂ ಹಿಡಿತಕ್ಕೆ ಬರುತ್ತದೆ. ಬಹಳ ಮಂದಿ ಮೈಕಿನ ಹಿಂದೆ ಕಟ್ಟಿ ಸೋಲುತ್ತಾರೆ. ಕಾರ್ಡಿಯಾಯ್ಡ್, ಅಂದರೆ ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವ ಮೈಕಿಗೆ, ತನ್ನ ಹಿಂದಿನದು ಹೆಚ್ಚು ಕೇಳುವುದಿಲ್ಲ, ನಿಮ್ಮ ಬೆನ್ನ ಹಿಂದಿನ ಗೋಡೆಯದು ಕೇಳುತ್ತದೆ. ಮೊದಲ ಕೌದಿ ಅಲ್ಲಿಗೆ. ಕಾಲಡಿ ಜಮಖಾನ, ಮೂಲೆಗಳಲ್ಲಿ ಹತ್ತಿ ಗಾದಿ ಸುತ್ತಿ ನಿಲ್ಲಿಸಿ. ಮೊಟ್ಟೆ ಟ್ರೇ ಮಾತ್ರ ಬೇಡ. ತೆಳು ಕಾಗದ ದನಿಯ ಹೊಳಪು ತಿಂದು ಗುಂಯ್‌ಗುಡುವುದನ್ನು ಹಾಗೇ ಬಿಡುತ್ತದೆ.

ಬಾಯಿಂದ ಮೈಕಿಗೆ ಒಂದು ಗೇಣಿಗಿಂತ ತುಸು ಕಡಿಮೆ, 15ರಿಂದ 20 ಸೆಂ.ಮೀ. ಇರಲಿ, ನಡುವೆ ಪಾಪ್ ಫಿಲ್ಟರ್ (ಪ, ಬ ಅಕ್ಷರಗಳ ಗಾಳಿ ತಡೆಯುವ ಜಾಲರಿ). ಇನ್ನೂ ಹತ್ತಿರ ಹೋದರೆ ಮಂದ್ರ ಉಬ್ಬಿ ಮಾತು ಮಸುಕಾಗುತ್ತದೆ. ಮುದ್ರಿಸುವ ತಂತ್ರಾಂಶದ ಸೆಟ್ಟಿಂಗ್‌ನಲ್ಲಿ 24 ಬಿಟ್, 48 ಕಿಲೋಹರ್ಟ್ಸ್ ಆರಿಸಿ. ಅತಿ ಜೋರಿನ ಸಾಲು ಅದರ ಮೀಟರಿನಲ್ಲಿ ಮೈನಸ್ 10 ಡೆಸಿಬಲ್ ಸುತ್ತ ನಿಲ್ಲಲಿ. ಸಣ್ಣ ಗುಂಯ್ ಬಂದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ; ಹೋಗದಿದ್ದರೆ ಅರ್ಥಿಂಗ್ ಪರೀಕ್ಷಿಸಿ. ಫ್ಯಾನ್ ಹಾಕುವಂತಿಲ್ಲವಾದ್ದರಿಂದ ಬ್ಯಾಸಗಿಯಲ್ಲಿ ಬೆಳಗಿನ 5ರಿಂದ 8 ನಿಮ್ಮ ಹೊತ್ತು.

ಸೆಖೆ ಏರಿದಂತೆ ಗಿಟಾರಿನ ತಂತಿ ಇಳಿಯುತ್ತದೆ, ಪ್ರತಿ ಟೇಕಿಗೂ ಶ್ರುತಿ ನೋಡಿ. ಪೇಟಿಯ ರೀಡು ಹಳೆಯದಾಗಿದ್ದರೆ ಟ್ಯೂನರ್ ಹಿಡಿದು ಪರೀಕ್ಷಿಸಿ. ಇಡೀ ಪೇಟಿ 15–20 ಸೆಂಟ್ (ಅರ್ಧ ಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಮೇಲಿದ್ದರೆ ತೊಂದರೆಯಿಲ್ಲ, ಗಿಟಾರು, ಏಕತಾರಿಗಳನ್ನೇ ಅದಕ್ಕೆ ಸೇರಿಸಿ. ಒಂದೆರಡು ಸ್ವರ ಮಾತ್ರ ದಾರಿ ತಪ್ಪಿದ್ದರೆ ಪೇಟಿ ರಿಪೇರಿಯವರ ಕೈಗೇ ಕೊಡಿ; ತಂತ್ರಾಂಶದಲ್ಲಿ ಅದು ಸರಿಹೋಗದು.

ಕೊನೆಗೆ, ಎಲ್ಲಕ್ಕಿಂತ ಮುಖ್ಯವಾದದ್ದು. ಹಳೆ ಕ್ಯಾಸೆಟ್‌ನ ಮನೆಯನ್ನೇ, ಅಂದರೆ ಆಗಿನ ಶ್ರುತಿಯನ್ನೇ, ಹಿಡಿದು ಹಾಡಬೇಡಿ. ದಣಿದ ಗಂಟಲಲ್ಲಿ, ಅಭ್ಯಾಸದ ಕೊನೆಗೆ, ಹಾಡಿನ ಅತಿ ಎತ್ತರದ ಸಾಲನ್ನು ಮೂರು ಸಲ ಹಾಡಿ. ಮೂರನೆಯದು ಬಿರಿದರೆ ಒಂದು ಮನೆ ಇಳಿಸಿ, ಮತ್ತೆ ಪರೀಕ್ಷಿಸಿ. 58ರ ದನಿಯ ಕೆಳಗಿನ ಸ್ವರಗಳಿಗೆ 28ರಲ್ಲಿ ಇರದ ತೂಕ ಬಂದಿರುತ್ತದೆ. ಕೇಳುಗರಿಗೆ ಬೇಕಾದದ್ದು ಅದೇ.

ಪ್ರಶ್ನೆ: ಹೊಸ ಆಲ್ಬಂನಲ್ಲಿ ಹಳೆ ಕ್ಯಾಸೆಟ್‌ನ ಹಾಡೊಂದನ್ನೂ ಬಸವಣ್ಣನವರ ವಚನವನ್ನೂ ಸೇರಿಸಬಹುದೆ?
– ಓದುಗರು, ಬಸವಕಲ್ಯಾಣ

ಉತ್ತರ: ವಚನ 12ನೇ ಶತಮಾನದ್ದು, ಅದರ ಪದಗಳಿಗೆ ಯಾರ ಅನುಮತಿಯೂ ಬೇಡ. ರಾಗ ನಿಮ್ಮದಾಗಿರಲಿ. ಈಚಿನವರ ಸಂಯೋಜನೆಯಾದರೆ ಅವರು ತೀರಿಕೊಂಡು 60 ವರ್ಷ ಕಳೆಯುವವರೆಗೂ ಹಕ್ಕು ಇರುತ್ತದೆ. ಕ್ಯಾಸೆಟ್‌ನ ಮುದ್ರಣದ ಹಕ್ಕು ಸಾಮಾನ್ಯವಾಗಿ ದುಡ್ಡು ಹಾಕಿದ ಕಂಪನಿಯದು, ಕಂಪನಿಯ ಅನುಮತಿ ಇಲ್ಲದೆ ಆ ಮುದ್ರಣವನ್ನು ಬಳಸಬೇಡಿ. ಸಾಹಿತ್ಯ, ರಾಗದ ಮಾತು ಬೇರೆ. 1957ರ ಕಾಪಿರೈಟ್ ಕಾಯ್ದೆಯ 19ನೇ ಕಲಮಿನ ಪ್ರಕಾರ ಸಹಿ ಮಾಡಿದ ಬರಹವಿಲ್ಲದೆ ಹಕ್ಕಿನ ವರ್ಗಾವಣೆ ನಿಲ್ಲುವುದಿಲ್ಲ. ಈಗಿನ ನಿಯಮದಂತೆ ಬರಹದಲ್ಲಿ ಅವಧಿ ಇಲ್ಲದಿದ್ದರೆ ಐದು ವರ್ಷವೆಂದೇ ಲೆಕ್ಕ. ಹಳೆ ಕರಾರು ಸಿಕ್ಕರೆ ವಕೀಲರಿಗೆ ತೋರಿಸಿ. ಗೆಳೆಯರ ಜೊತೆ ಕೂಡಿ ಕಟ್ಟಿದ ಹಾಡಾದರೆ ಅವರ ಒಪ್ಪಿಗೆ, ಪಾಲು ಎರಡನ್ನೂ ಮುದ್ರಣಕ್ಕೆ ಮೊದಲೇ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಿ.

ಪ್ರಶ್ನೆ: ಮುದ್ರಣ ಮುಗಿದಿದೆ. ಹಾಡು ಕೇಳುವ ಆ್ಯಪ್‌ಗಳಿಗೆ ಕಳಿಸುವಾಗ ಏನು ನೋಡಬೇಕು?
– ಓದುಗರು, ಸುರಪುರ

ಉತ್ತರ: ಸದ್ದಿನ ಮಟ್ಟ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಇಡೀ ಹಾಡಿನ ಸರಾಸರಿ ಜೋರಿನ ಅಳತೆ) ಇರಲಿ, ಶಿಖರ ಮೈನಸ್ 1 ಡೆಸಿಬಲ್ ದಾಟದಿರಲಿ. ಮುಖಚಿತ್ರ 3000×3000 ಪಿಕ್ಸೆಲ್. ಪ್ರತಿ ಮುದ್ರಣಕ್ಕೂ ಅದರ ಗುರುತಾಗಿ 12 ಅಕ್ಷರದ ಐಎಸ್‌ಆರ್‌ಸಿ ಸಂಖ್ಯೆ ಬೇಕು, ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ಬಹುತೇಕ ವಿತರಕರೇ ಅದನ್ನು ಕೊಡುತ್ತಾರೆ. ಬಿಡುಗಡೆಗೆ ನಾಲ್ಕು ವಾರ ಮೊದಲೇ ಕಳಿಸಿ. ಭಾಷೆಯ ಕಡೆ ಕನ್ನಡವನ್ನೇ ಆರಿಸಿ. ನಿಮ್ಮ ಹೆಸರಿನ ಕಾಗುಣಿತ ಎಲ್ಲ ಹಾಡಿನಲ್ಲೂ ಒಂದೇ ಇರಲಿ. ಒಂದಕ್ಷರ ಬದಲಾದರೂ ಆ್ಯಪ್ ನಿಮ್ಮನ್ನು ಇಬ್ಬರು ಗಾಯಕರೆಂದು ಎಣಿಸಿ ಹಾಡುಗಳನ್ನು ಎರಡು ಪುಟಕ್ಕೆ ಹಂಚಿಬಿಡುತ್ತದೆ.