ಓಕರಿಸುತ್ತೆ, ಏನೂ ಬರಲ್ಲ: ದೊಡ್ಡ ನಾಯಿಗಳ ಹೊಟ್ಟೆ ಉಬ್ಬರ, ಓದುಗರ ಪ್ರಶ್ನೆಗಳು

ಪ್ರಶ್ನೆ: ಡಾಕ್ಟ್ರೇ, ಹಾಸನದ ಹತ್ತಿರ ನಮ್ಮದು ತೋಟದ ಮನೆ. ನಾಲ್ಕು ವರ್ಷದ ಗಂಡು ಗ್ರೇಟ್ ಡೇನ್ ಇದೆ, 58 ಕೆಜಿ. ಹೋದ ತಿಂಗಳು ಪರಿಚಯದವರ ಜರ್ಮನ್ ಶೆಫರ್ಡ್ ರಾತ್ರಿ ಊಟ ಮಾಡಿ ಮಲಗಿದ್ದು, ಬೆಳಗಾಗುವಷ್ಟರಲ್ಲಿ ಹೊಟ್ಟೆ ಊದಿ ಸತ್ತುಹೋಗಿತ್ತು. ಕೆಲವರು ಹಾವು ಅಂದರು, ಕೆಲವರು ಯಾರೋ ವಿಷ ಹಾಕಿದ್ದಾರೆ ಅಂದರು. ನೆಟ್‌ನಲ್ಲಿ ನೋಡಿದರೆ ಬ್ಲೋಟ್ ಅಂತ ಒಂದು ಕಾಯಿಲೆ ಇದೆ. ಏನಿದು? ಗೊತ್ತಾಗುವುದು ಹೇಗೆ? ಮನೆಯಲ್ಲಿ ಏನು ಔಷಧಿ ಇಟ್ಟುಕೊಂಡಿರಬೇಕು?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇದಕ್ಕೆ ಮನೆಯಲ್ಲಿ ಇಟ್ಟುಕೊಳ್ಳುವಂಥ ಔಷಧಿ ಇಲ್ಲ. ಇಟ್ಟುಕೊಳ್ಳಬೇಕಾದದ್ದು ಒಂದು ಫೋನ್ ನಂಬರ್, ಗಾಡಿಯಲ್ಲಿ ಡೀಸೆಲ್, ಮತ್ತೆ ರಾತ್ರಿ ಎರಡು ಗಂಟೆಯಾದರೂ "ಬೆಳಗ್ಗೆ ನೋಡೋಣ" ಅನ್ನದೆ ಹೊರಡುವ ಮನಸ್ಸು.

ಆ ಜರ್ಮನ್ ಶೆಫರ್ಡ್ ಇದರಿಂದಲೇ ಸತ್ತಿತು ಅಂತ ನಾನು ಇಲ್ಲಿ ಕೂತು ಹೇಳಲಾರೆ. ಸತ್ತು ಕೆಲವು ಗಂಟೆ ಕಳೆದರೆ ಯಾವ ನಾಯಿಯ ಹೊಟ್ಟೆಯಾದರೂ ಊದುತ್ತದೆ, ನಮ್ಮ ಸೆಖೆಗೆ ಇನ್ನೂ ಬೇಗ. ಆದರೆ ಆಳ ಎದೆಯ ದೊಡ್ಡ ನಾಯಿ, ರಾತ್ರಿ ಊಟ, ಬೆಳಗಿನೊಳಗೆ ಸಾವು ಅಂದರೆ ಹಾವು ವಿಷಗಳ ಜೊತೆ ಇದನ್ನೂ ಅನುಮಾನಿಸಬೇಕು. ಪಕ್ಕದ ಮನೆಯವರ ಮೇಲೆ ಗುಮಾನಿ ಪಡುವ ಮೊದಲು ಪೋಸ್ಟ್‌ಮಾರ್ಟಂ ಮಾಡಿಸಿದ್ದರೆ ಗೊತ್ತಾಗುತ್ತಿತ್ತು.

ಆಗುವುದು ಇಷ್ಟು. ಜಠರದಲ್ಲಿ ಗ್ಯಾಸ್ ತುಂಬುತ್ತದೆ, ಬಲೂನಿನ ಹಾಗೆ ಉಬ್ಬುತ್ತದೆ, ಆಮೇಲೆ ಇದ್ದಲ್ಲೇ ತಿರುಗಿಕೊಳ್ಳುತ್ತದೆ. ಪೆಪ್ಪರ್‌ಮೆಂಟ್ ಕಾಗದದ ಎರಡೂ ತುದಿ ತಿರುಚುತ್ತೇವಲ್ಲ, ಹಾಗೆ. ಮೇಲೆ ಅನ್ನನಾಳದ ಬಾಯಿ ಮುಚ್ಚಿತು, ಕೆಳಗೆ ಕರುಳಿನ ದಾರಿ ಮುಚ್ಚಿತು. ಒಳಗಿನ ಗ್ಯಾಸ್ ತೇಗಾಗಿಯೂ ಬರಲ್ಲ, ಕೆಳಗೂ ಹೋಗಲ್ಲ. ಅಷ್ಟೇ ಆಗಿದ್ದರೆ ಬರೀ ಹೊಟ್ಟೆನೋವು. ನಿಜವಾದ ಅಪಾಯ ಬೇರೆ ಕಡೆ ಇದೆ. ದೇಹದ ಹಿಂಭಾಗದಿಂದ ಹೃದಯಕ್ಕೆ ರಕ್ತ ವಾಪಸ್ ತರುವ ದೊಡ್ಡ ರಕ್ತನಾಳವನ್ನು ಈ ಉಬ್ಬಿದ ಜಠರ ಅದುಮಿ ಹಿಡಿಯುತ್ತದೆ. ಹೃದಯಕ್ಕೆ ಪಂಪ್ ಮಾಡಲು ರಕ್ತವೇ ಸಾಲುವುದಿಲ್ಲ, ನಾಯಿ ಶಾಕ್‌ಗೆ ಹೋಗುತ್ತದೆ, ಅಂದರೆ ಮೈಗೆಲ್ಲ ರಕ್ತ ಸಾಲದೆ ಕುಸಿಯುತ್ತದೆ. ಅತ್ತ ಜಠರದ ಗೋಡೆಗೂ ರಕ್ತ ಇಲ್ಲದೆ ಅದು ಕಪ್ಪಗಾಗಿ ಸಾಯತೊಡಗುತ್ತದೆ. ಸ್ಪ್ಲೀನ್ (ಗುಲ್ಮ) ಕೂಡ ಜಠರಕ್ಕೆ ಅಂಟಿಕೊಂಡೇ ಇರುವುದರಿಂದ ಅದನ್ನೂ ಎಳೆದುಕೊಂಡು ತಿರುಗಿರುತ್ತದೆ. ಇದೆಲ್ಲ ಆಗಲು ದಿನಗಳು ಬೇಕಿಲ್ಲ, ಕೆಲವು ಗಂಟೆ ಸಾಕು.

ಒಂದು ರಾತ್ರಿ ಹತ್ತೂವರೆಗೆ ಫೋನ್ ಬಂತು. "ಸಂಜೆಯಿಂದ ವಾಂತಿ ಮಾಡ್ತಿದೆ ಸಾರ್, ಆದ್ರೆ ಏನೂ ಬರ್ತಿಲ್ಲ." ಕರೆದುಕೊಂಡು ಬಂದಾಗ ಆ ನಾಯಿ ಬಾಗಿಲಲ್ಲೇ ನಿಂತುಬಿಟ್ಟಿತು. ಮುಂಗಾಲು ಅಗಲಿಸಿ, ಕತ್ತು ಮುಂದೆ ಚಾಚಿ, ಇಡೀ ಮೈ ಕುಲುಕುವಂತೆ ಓಕರಿಸಿತು. ಬಂದದ್ದು ಮೊಟ್ಟೆಯ ಬಿಳಿಯಂಥ ಜೊಲ್ಲು, ತುಟಿಯಿಂದ ನೆಲದವರೆಗೆ ದಾರವಾಗಿ ಇಳಿಯಿತು. ಮತ್ತೆ ತಿರುಗಿ ತನ್ನ ಪಕ್ಕೆಯನ್ನೇ ನೋಡಿತು, ಅಲ್ಲಿ ಯಾರೋ ಇದ್ದಾರೆ ಅನ್ನುವ ಹಾಗೆ. ಕೊನೆಯ ಪಕ್ಕೆಲುಬಿನ ಹಿಂದೆ ಬೆರಳಿಂದ ತಟ್ಟಿದರೆ ಡಬ್ ಡಬ್ ಅಂತ ತಮಟೆ ಸದ್ದು. ಎಕ್ಸ್‌ರೇ ತೆಗೆಯುವ ಮೊದಲೇ ನನಗೆ ಗೊತ್ತಾಗಿತ್ತು. ಮನೆಯಲ್ಲಿ ಆಗಲೇ ಓಮದ ನೀರು, ಜೀರಿಗೆ ಕಷಾಯ, ಗ್ಯಾಸಿನ ಪುಡಿ ಮೂರೂ ಆಗಿ ಮೂರು ಗಂಟೆ ಕಳೆದಿತ್ತು. ಆ ನಾಯಿ ಬದುಕಿತು, ಆದರೆ ಸ್ಪ್ಲೀನ್ ಉಳಿಯಲಿಲ್ಲ.

ಹಾಗಾಗಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ಇಡಿ: ದೊಡ್ಡ ನಾಯಿ ಮತ್ತೆ ಮತ್ತೆ ಓಕರಿಸುತ್ತಿದೆ, ಏನೂ ಬರುತ್ತಿಲ್ಲ ಅಂದರೆ ಹೊಟ್ಟೆ ಊದಿರಲಿ ಬಿಡಲಿ, ಹೊರಡಿ. ಊದುವುದನ್ನು ಕಾಯಬೇಡಿ. ಗ್ರೇಟ್ ಡೇನ್ ತರಹದ ನಾಯಿಗಳಲ್ಲಿ ಉಬ್ಬಿದ ಜಠರ ಎಷ್ಟೋ ಹೊತ್ತು ಪಕ್ಕೆಲುಬುಗಳ ಗೂಡಿನೊಳಗೇ ಅಡಗಿರುತ್ತದೆ, ಹೊರಗೆ ಕಾಣುವುದೇ ಇಲ್ಲ. ಜೊತೆಗೆ ಒಂದು ಕಡೆ ಮಲಗದೆ ಸುಮ್ನೆ ಅತ್ತಿಂದಿತ್ತ ಓಡಾಡುವುದು, ಕೂತು ಎದ್ದು ಕೂತು ಎದ್ದು ಮಾಡುವುದು, ಏದುಸಿರು, ಹಿಂಭಾಗ ಎತ್ತಿ ಮುಂಭಾಗ ನೆಲಕ್ಕೆ ಊರುವುದು, ಇವೆಲ್ಲ ಮೊದಮೊದಲು ಕಾಣುವಂಥವು. ಒಸಡು ಬಿಳಚಿ, ಕಾಲು ತಣ್ಣಗಾಗಿ ನಾಯಿ ಕುಸಿದು ಬಿತ್ತು ಅಂದರೆ ಆಗಲೇ ತಡವಾಗಿದೆ, ಆದರೂ ಹೊರಡಿ.

ಈಗ ತಯಾರಿಯ ವಿಷಯ. ನಾಯಿ ಚೆನ್ನಾಗಿರುವಾಗಲೇ, ಇವತ್ತೇ ಸಂಜೆ, ಅದರ ಮೇಲ್ತುಟಿ ಎತ್ತಿ ಒಸಡಿನ ಬಣ್ಣ ನೋಡಿಟ್ಟುಕೊಳ್ಳಿ. ಹೆಬ್ಬೆರಳಲ್ಲಿ ಒತ್ತಿ ಬಿಟ್ಟರೆ ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಒಸಡು ಕಪ್ಪಾಗಿದ್ದರೆ ಕಣ್ಣಿನ ಕೆಳರೆಪ್ಪೆಯ ಒಳಭಾಗ ನೋಡಿ. ತೊಡೆಯ ಒಳಗೆ ನಾಡಿ ಸಿಗುತ್ತದೆ, ಆರಾಮವಾಗಿ ಮಲಗಿರುವ ದೊಡ್ಡ ನಾಯಿಗೆ ನಿಮಿಷಕ್ಕೆ 60ರಿಂದ 100 ಇರುತ್ತದೆ. ಟೈಲರ್ ಟೇಪ್ ಇದ್ದರೆ ಕೊನೆಯ ಪಕ್ಕೆಲುಬಿನ ಹಿಂದೆ ಸುತ್ತಳತೆ ತೆಗೆದು ಗೋಡೆ ಕ್ಯಾಲೆಂಡರಿನ ಮೇಲೆ ಬರೆದಿಡಿ. ರಾತ್ರಿ "ಊದಿದೆಯಾ ಇಲ್ವಾ" ಅಂತ ಮನೆಮಂದಿ ಎಲ್ಲ ವಾದ ಮಾಡುವುದು ತಪ್ಪುತ್ತದೆ.

ಎರಡನೆಯದು ಆಸ್ಪತ್ರೆ. ಲಸಿಕೆ ಹಾಕುವ ಕ್ಲಿನಿಕ್ ಎಲ್ಲ ಕಡೆ ಇದೆ, ನಿಮಗೆ ಬೇಕಾದದ್ದು ಅದಲ್ಲ. ನಿಮ್ಮ ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜಿದೆ. ಹಗಲಲ್ಲಿ ಒಮ್ಮೆ ಹೋಗಿ ನೇರವಾಗಿ ಕೇಳಿ: ರಾತ್ರಿ ಯಾರಿರುತ್ತಾರೆ, ಎಕ್ಸ್‌ರೇ ಆಗುತ್ತಾ, ಜಠರ ತಿರುಚಿಕೊಂಡ ನಾಯಿ ತಂದರೆ ಆಪರೇಷನ್ ಮಾಡುತ್ತೀರಾ? ಊರಿನ ಖಾಸಗಿ ಡಾಕ್ಟರುಗಳಿಗೂ ಇದೇ ಪ್ರಶ್ನೆ ಕೇಳಿ. ಯಾರಿಗೂ ಬೇಜಾರಾಗುವುದಿಲ್ಲ, ಆದರೂ ಪರವಾಗಿಲ್ಲ. ಬೆಂಗಳೂರಿಗೇ ಹೋಗಬೇಕಾಗಿ ಬಂದರೆ ಮೂರು ಗಂಟೆಗೂ ಮೇಲಿನ ದಾರಿ. ಹಾಗೇ ಹೊರಟರೆ ನಾಯಿ ದಾರಿಯಲ್ಲೇ ಹೋಗಬಹುದು. ಮೊದಲು ಹತ್ತಿರದ ಡಾಕ್ಟರ್ ಹತ್ತಿರ ಟ್ಯೂಬ್ ಅಥವಾ ಸೂಜಿಯಿಂದ ಗ್ಯಾಸ್ ಇಳಿಸಿ, ದಪ್ಪ ಸೂಜಿಯಲ್ಲಿ ಡ್ರಿಪ್ ಹಾಕಿಸಿಕೊಂಡು ಮುಂದಕ್ಕೆ ಹೋಗಿ. ಗ್ಯಾಸ್ ಇಳಿದ ಕೂಡಲೇ ನಾಯಿ ಎದ್ದು ಬಾಲ ಅಲ್ಲಾಡಿಸಬಹುದು. ಆಗ ಎಷ್ಟೋ ಜನ ಮನೆಗೆ ವಾಪಸ್ ಕರೆದುಕೊಂಡು ಹೋಗುತ್ತಾರೆ. ಗ್ಯಾಸ್ ಮಾತ್ರ ಇಳಿದಿರುತ್ತದೆ, ತಿರುಚು ಹಾಗೇ ಇರುತ್ತದೆ.

58 ಕೆಜಿ ಎತ್ತುವುದು ಒಬ್ಬರ ಕೈಲಾಗದ ಕೆಲಸ. ಗಟ್ಟಿ ಬೆಡ್‌ಶೀಟ್ ನಾಲ್ಕು ಮೂಲೆ ಹಿಡಿದು ಇಬ್ಬರು ಗಾಡಿಗೆ ಹಾಕಿ. ಬಾಯಿ ಬಿಗಿಯಾಗಿ ಕಟ್ಟಬೇಡಿ. ನೀರು, ಊಟ, ಮಾತ್ರೆ ಏನೂ ಬೇಡ. ಹೊರಟ ಮೇಲೆ ದಾರಿಯಿಂದ ಫೋನ್ ಮಾಡಿ, ಅವರು ಟೇಬಲ್ ಸಿದ್ಧ ಮಾಡಿರುತ್ತಾರೆ. ಖರ್ಚು ಹತ್ತಾರು ಸಾವಿರ ಆಗಬಹುದು, ಆ ದುಡ್ಡು ಎಲ್ಲಿಂದ ಅನ್ನುವುದನ್ನೂ ಮನೆಯಲ್ಲಿ ಈಗಲೇ ಮಾತಾಡಿಕೊಳ್ಳಿ. ಆಪರೇಷನ್‌ವರೆಗೆ ತಲುಪಿದ ನಾಯಿಗಳಲ್ಲಿ ಹೆಚ್ಚುಕಡಿಮೆ 10ಕ್ಕೆ 8 ಬದುಕುತ್ತವೆ. ಲಕ್ಷಣ ಶುರುವಾಗಿ 6 ಗಂಟೆ ದಾಟಿ ಬಂದವಕ್ಕೆ ಆ ಲೆಕ್ಕ ಹೇಳಲು ನನಗೆ ಧೈರ್ಯ ಇಲ್ಲ.

ಪ್ರಶ್ನೆ: ನಮ್ಮದು ಬಾಗಲಕೋಟೆ ಕಡೆ, ಎರಡು ಮುಧೋಳ ನಾಯಿ ಇವೆ. ದನಕ್ಕೆ ಹೊಟ್ಟೆ ಉಬ್ಬರಿಸಿದರೆ ನಾವು ಎಣ್ಣೆ ಕುಡಿಸುತ್ತೇವೆ, ಜಾಸ್ತಿಯಾದರೆ ಡಾಕ್ಟರ್ ಬಂದು ಎಡಪಕ್ಕೆಗೆ ಚುಚ್ಚಿ ಗಾಳಿ ಬಿಡುತ್ತಾರೆ. ನಾಯಿಗೂ ಹಾಗೇ ಮಾಡಬಹುದಾ? ಮುಧೋಳಕ್ಕೂ ಇದು ಬರುತ್ತದಾ?

ಉತ್ತರ: ಹೆಸರು ಒಂದೇ, ಕಾಯಿಲೆ ಬೇರೆ. ದನದ ಮೊದಲ ಹೊಟ್ಟೆಯಲ್ಲಿ ಮೇವು ಹುಳಿತು ನೊರೆಯಾಗಿರುತ್ತದೆ, ಎಣ್ಣೆ ಆ ನೊರೆ ಒಡೆಯುತ್ತದೆ. ಅಲ್ಲಿ ಏನೂ ತಿರುಚಿರುವುದಿಲ್ಲ. ನಾಯಿಗೆ ಬಾಯಿಂದ ಜಠರಕ್ಕೆ ದಾರಿಯೇ ಮುಚ್ಚಿದೆ ಅಂದಮೇಲೆ ನೀವು ಕುಡಿಸಿದ ಎಣ್ಣೆ ಎಲ್ಲಿಗೆ ಹೋಗಬೇಕು? ಅನ್ನನಾಳದಲ್ಲಿ ನಿಂತು, ಮುಂದಿನ ಓಕರಿಕೆಗೆ ಶ್ವಾಸಕೋಶಕ್ಕೆ ನುಗ್ಗುತ್ತದೆ. ಚುಚ್ಚುವುದಂತೂ ಬೇಡವೇ ಬೇಡ. ಸ್ಪ್ಲೀನ್ ಜಾಗ ಬದಲಿಸಿ ಸೂಜಿಯ ಕೆಳಗೇ ಬಂದಿರಬಹುದು, ರಕ್ತ ತುಂಬಿದ ಅಂಗ ಅದು. ತಟ್ಟಿ ನೋಡಿ ಗ್ಯಾಸ್ ಎಲ್ಲಿದೆ ಅಂತ ತಿಳಿಯಬಲ್ಲ ಡಾಕ್ಟರೇ ಚುಚ್ಚಲಿ.

ಮುಧೋಳಕ್ಕೆ ಬರುವುದಿಲ್ಲ ಅನ್ನುವ ಹಾಗಿಲ್ಲ. ಈ ಕಾಯಿಲೆಗೆ ಬೇಕಾದದ್ದು ಆಳವಾದ, ಅಗಲ ಕಡಿಮೆ ಇರುವ ಎದೆಗೂಡು, ಅದು ನಿಮ್ಮ ನಾಯಿಗೆ ಇದೆ. ತೂಕ ಕಡಿಮೆ ಅಂತ ಮೈಮರೆಯಬೇಡಿ. ಒಂದು ಅನುಕೂಲ ಏನಂದರೆ ಮುಧೋಳದ ಹೊಟ್ಟೆ ಬೆನ್ನಿಗೆ ಹತ್ತಿದ ಹಾಗೆ ಒಳಗೆ ಸೇರಿರುತ್ತದೆ. ಆ ಒಳಸೊಂಟ ಮಾಯವಾಗಿ ಹೊಟ್ಟೆ ಎದೆಯ ಸಮಕ್ಕೆ ಕಂಡರೂ, ಓಕರಿಕೆ ಜೊತೆಗಿದ್ದರೆ, ನನ್ನ ಲೆಕ್ಕದಲ್ಲಿ ಅದು ಉಬ್ಬಿದ ಹಾಗೇ.

ಪ್ರಶ್ನೆ: ಒಂದೂವರೆ ವರ್ಷದ ಹೆಣ್ಣು ಜರ್ಮನ್ ಶೆಫರ್ಡ್‌ಗೆ ಸಂತಾನಹರಣ ಮಾಡಿಸಬೇಕು. ಜೊತೆಗೇ ಜಠರವನ್ನೂ ಹೊಲಿಸಿಬಿಡಿ ಅಂತ ಡಾಕ್ಟರ್ ಹೇಳುತ್ತಿದ್ದಾರೆ. ದುಡ್ಡು ಕೀಳುವ ದಾರಿಯಾ? ಎತ್ತರದ ಸ್ಟ್ಯಾಂಡ್ ಮೇಲೆ ಊಟ ಇಟ್ಟರೆ ಸಾಕು ಅಂತ ನಾಯಿ ಮಾರಿದವರು ಹೇಳಿದ್ದರು.

ಉತ್ತರ: ಡಾಕ್ಟರ್ ಹೇಳಿದ್ದು ಸರಿ, ಮಾರಿದವರು ಹೇಳಿದ್ದು ತಲೆಕೆಳಗು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ದೊಡ್ಡ ತಳಿಗಳ 1,600ಕ್ಕೂ ಹೆಚ್ಚು ನಾಯಿಗಳನ್ನು ವರ್ಷಗಟ್ಟಲೆ ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎತ್ತರದ ತಟ್ಟೆಯಲ್ಲಿ ತಿನ್ನುವ ನಾಯಿಗಳಿಗೇ ಅಪಾಯ ಜಾಸ್ತಿ ಕಂಡಿತು. ವಯಸ್ಸಾಗುವುದು, ಗಬಗಬ ತಿನ್ನುವುದು, ಅಪ್ಪ ಅಮ್ಮ ಒಡಹುಟ್ಟಿದವರಲ್ಲಿ ಯಾರಿಗಾದರೂ ಬಂದಿರುವುದು, ಇವೂ ಆ ಪಟ್ಟಿಯಲ್ಲಿವೆ. ಸ್ಟ್ಯಾಂಡಿನ ವಿಷಯದಲ್ಲಿ ನಂತರದ ಅಧ್ಯಯನಗಳೆಲ್ಲ ಒಂದೇ ಮಾತು ಹೇಳುವುದಿಲ್ಲ, ನಿಜ. ಕತ್ತುನೋವಿಗೆ ಡಾಕ್ಟರೇ ಹೇಳಿದ್ದರೆ ಮಾತು ಬೇರೆ, ಇಲ್ಲದಿದ್ದರೆ ತಟ್ಟೆ ನೆಲದ ಮೇಲೇ ಇರಲಿ.

ಹೊಲಿಯುವುದು ಅಂದರೆ ಜಠರದ ಒಂದು ಭಾಗವನ್ನು ಹೊಟ್ಟೆಯ ಬಲಗೋಡೆಗೆ ಅಂಟಿಸುವುದು, ಅದು ಮತ್ತೆ ತಿರುಗದ ಹಾಗೆ. ಮುಂದೆ ಗ್ಯಾಸ್ ತುಂಬಬಹುದು, ತಿರುಚುವುದು ಮಾತ್ರ ತೀರಾ ಅಪರೂಪ. ಒಮ್ಮೆ ತಿರುಚಿದ ಜಠರವನ್ನು ಹೀಗೆ ಹೊಲಿಯದೆ ಬಿಟ್ಟರೆ ಅರ್ಧಕ್ಕಿಂತ ಹೆಚ್ಚು ನಾಯಿಗಳಲ್ಲಿ ಮತ್ತೆ ಬರುತ್ತದೆ. ಹೇಗೂ ಅನಸ್ತೇಶಿಯಾ ಕೊಟ್ಟು ಹೊಟ್ಟೆ ತೆರೆಯುತ್ತಾರೆ, ಒಂದೇ ಸಲಕ್ಕೆ ಮುಗಿಯುತ್ತದೆ. ಗ್ರೇಟ್ ಡೇನ್ ಸಾಕಿದವರಿಗೆ ನಾನು ಇದನ್ನು ಕೇಳದಿದ್ದರೂ ಹೇಳುತ್ತೇನೆ.

ಊಟದ ಮಟ್ಟಿಗೆ ದಿನಕ್ಕೆ ಒಂದೇ ಸಲ ರಾಶಿ ಹಾಕುವ ಬದಲು ಎರಡು ಮೂರು ಸಲ ಸ್ವಲ್ಪ ಸ್ವಲ್ಪ ಹಾಕಿ. ಗಬಗಬ ತಿನ್ನುವುದಾದರೆ ತಟ್ಟೆಯಲ್ಲಿ ಬಾಯಿಗೆ ಹಿಡಿಯದಷ್ಟು ದೊಡ್ಡ ಗುಂಡುಕಲ್ಲು ತೊಳೆದು ಇಡಿ, ಸುತ್ತಲೂ ಹುಡುಕಿಕೊಂಡು ತಿನ್ನುತ್ತದೆ. ಉಂಡ ಕೂಡಲೇ ಓಡಿಸಬೇಡಿ.

ಪ್ರಶ್ನೆ: ನಮ್ಮ ಲ್ಯಾಬ್ರಡಾರ್ ಡ್ರೈ ಫುಡ್ ಮೂಟೆ ಹರಿದು ಸುಮಾರು ಎರಡು ಕೆಜಿ ತಿಂದು ನೀರು ಕುಡಿದು ಮಲಗಿದೆ. ಹೊಟ್ಟೆ ಕೊಡದ ಹಾಗಾಗಿದೆ. ಆದರೆ ಓಕರಿಸುತ್ತಿಲ್ಲ. ಇದೂ ಅದೇನಾ?

ಉತ್ತರ: ನೀವು ಬರೆದು ನಾನು ಉತ್ತರಿಸುವಷ್ಟರಲ್ಲಿ ಅದು ಎದ್ದು ಮತ್ತೆ ಮೂಟೆ ಹುಡುಕುತ್ತಿರುತ್ತದೆ ಅಂದುಕೊಳ್ಳುತ್ತೇನೆ. ಹೀಗೆ ಬರೀ ತಿಂದು ಹೊಟ್ಟೆ ತುಂಬಿದ್ದು ಬೇರೆ. ಹೆಚ್ಚಿನವು ಡ್ರಿಪ್ ಹಾಕಿಸಿಕೊಂಡು ಒಂದೆರಡು ದಿನದಲ್ಲಿ ಸರಿಹೋಗುತ್ತವೆ, ಆಪರೇಷನ್ ಬೇಕಾಗುವುದಿಲ್ಲ. ಆದರೆ ಎಕ್ಸ್‌ರೇ ಇಲ್ಲದೆ ಯಾವುದು ಯಾವುದು ಅಂತ ಹೊರಗಿನಿಂದ ಹೇಳುವುದು ನನಗೂ ಕಷ್ಟ. ಹಾಗಾಗಿ ಮುಂದಿನ ಸಲ ಪತ್ರ ಬರೆಯಬೇಡಿ, ಡಾಕ್ಟರ್ ಹತ್ತಿರ ಹೋಗಿ. ಒಳಗಿರುವುದನ್ನು ತೆಗೆಯಬೇಕು ಅಂತ ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಅದು ಬೇರೆಯೇ ಅಪಾಯ. ಮೂಟೆಯನ್ನು ಬಿಗಿ ಮುಚ್ಚಳ ಇರುವ ಡ್ರಮ್ಮಿಗೆ ಸುರಿದು ಮೇಲೆ ಒಂದು ಇಟ್ಟಿಗೆ ಇಡಿ. ಲ್ಯಾಬ್ರಡಾರ್ ಅಲ್ವಾ, ಎರಡು ಇಟ್ಟಿಗೆ ಇಡಿ.