ಗೋವಾದ ಸಂಹಿತೆಗೆ ಹೆದರಿ ಕಾರವಾರದಲ್ಲಿಯೇ ಜಾಗ ಕೊಳ್ಳಬೇಕೇ?

ಪೋರ್ಚುಗೀಸರ ನಾಗರಿಕ ಸಂಹಿತೆ ಉಳಿದಿರುವ ಗೋವಾದಲ್ಲಿ ಜಾಗ ಕೊಳ್ಳುವುದಕ್ಕಿಂತ, ಇಂಗ್ಲಿಷ್ ಕಾನೂನಿನ ಬೇರಿರುವ ಕಾರವಾರದಲ್ಲಿ ಹಣ ಹೂಡುವುದು ಲೇಸೇ ಎಂದು ಕೇಳಿದ್ದೀರಿ. ಗೋವಾದ ಕಾಣಕೋಣದಲ್ಲಿ ಮುಂಗಡ ಕಳೆದುಕೊಂಡ ಮೇಲೆ ನಾನೂ ಬಹುಕಾಲ ಹಾಗೆಯೇ ನಂಬಿದ್ದೆ.

ಮೀನಿನ ವ್ಯಾಪಾರಕ್ಕೆ ಶೀತಲಗೃಹ ಕಟ್ಟಲೆಂದು ಅಲ್ಲಿ ಜಾಗ ನೋಡಿದ್ದೆ. ದಾಖಲೆಯಲ್ಲಿ ಗಂಡನ ಹೆಸರೊಂದೇ ಇತ್ತು. ಅವರೊಬ್ಬರ ಸಹಿ ಪಡೆದು, ಕರಾರು ಮಾಡಿಕೊಂಡು ಹಣ ಕೊಟ್ಟೆ. ನಮ್ಮ ಕಡೆ ಸ್ವಯಾರ್ಜಿತ ಆಸ್ತಿಯಾದರೆ ಪಹಣಿಯಲ್ಲಿ ಹೆಸರಿರುವವರ ಸಹಿ ಸಾಕು; ಮಾಜಾಳಿ ಗಡಿ ದಾಟಿದರೆ ಈ ತಿಳಿವಳಿಕೆ ನಡೆಯುವುದಿಲ್ಲವೆಂದು ನನಗೆ ಹೊಳೆಯಲೇ ಇಲ್ಲ. 1867ರ ಆ ಸಂಹಿತೆ ಗೋವಾದಲ್ಲಿ 1870ರಲ್ಲಿ ಜಾರಿಗೆ ಬಂತು. ಮದುವೆಗೆ ಮೊದಲು ಬೇರೆ ಒಪ್ಪಂದ ಮಾಡಿಕೊಳ್ಳದ ದಂಪತಿಯ ಆಸ್ತಿ ಅದರ ಪ್ರಕಾರ ಇಬ್ಬರಿಗೂ ಸಮನಾಗಿ ಸೇರುತ್ತದೆ. ದಾಖಲೆಯಲ್ಲಿ ಹೆಸರಿಲ್ಲದಿದ್ದರೂ ಅರ್ಧ ಹೆಂಡತಿಯದೇ, ಅವರ ಒಪ್ಪಿಗೆಯಿಲ್ಲದೆ ಗಂಡ ಸ್ಥಿರಾಸ್ತಿಯನ್ನು ಮಾರುವಂತಿಲ್ಲ. ಆ ಮಹಿಳೆ ಒಪ್ಪಲಿಲ್ಲ, ಒಪ್ಪದಿರುವ ಹಕ್ಕು ಅವರಿಗೆ ಪೂರ್ತಿಯಾಗಿ ಇತ್ತು. ಜಾಗದ ದಾಖಲೆಯ ಜೊತೆಗೆ ಮಾರುವವರ ವಿವಾಹ ನೋಂದಣಿಯನ್ನೂ ತರಿಸಿ ನೋಡಿದ್ದರೆ ಹಣ ಉಳಿಯುತ್ತಿತ್ತು. ಕೊನೆಗೆ ಮುಂಗಡದ ದೊಡ್ಡ ಪಾಲನ್ನು ರಾಜಿಯಲ್ಲಿ ಬಿಟ್ಟುಕೊಟ್ಟೆ.

ಆದರೂ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಅರ್ಥಶಾಸ್ತ್ರಜ್ಞ ಲಾ ಪೋರ್ತಾ ಮತ್ತು ಸಂಗಡಿಗರು 1998ರಲ್ಲಿ 49 ದೇಶಗಳನ್ನು ಹೋಲಿಸಿ, ಹೂಡಿಕೆದಾರರಿಗೆ ಇಂಗ್ಲಿಷ್ ಮೂಲದ ಕಾನೂನಿನಲ್ಲಿ ಹೆಚ್ಚು ರಕ್ಷಣೆ, ಫ್ರೆಂಚ್ ಮೂಲದ ಸಂಹಿತೆಗಳಲ್ಲಿ (ಪೋರ್ಚುಗೀಸರದೂ ಆ ಸಾಲಿನದೇ) ಕಡಿಮೆ ಎಂದದ್ದು ನಿಜ. ಅವರು ಅಳೆದದ್ದು ಷೇರುದಾರರ ಮತ್ತು ಸಾಲ ಕೊಟ್ಟವರ ಹಕ್ಕುಗಳನ್ನು. ಆ ವಿಷಯಗಳಲ್ಲಿ ಇಂದು ಗಡಿಯ ಎರಡೂ ಕಡೆ ಒಂದೇ ಭಾರತೀಯ ಕಾನೂನು ಇದೆ. ಸಂಹಿತೆಯೇ ಏಳಿಗೆಗೆ ಅಡ್ಡಿಯಾಗಿದ್ದರೆ ಗೋವಾದ ತಲಾ ಆದಾಯ ಕರ್ನಾಟಕದ್ದಕ್ಕಿಂತ ಹೆಚ್ಚಿರುತ್ತಿರಲಿಲ್ಲ. ಕಾರವಾರದ ಬೇರು ಇಂಗ್ಲಿಷರದೆನ್ನುವುದೂ ಅರ್ಧ ಸತ್ಯವೇ. ಮೂಲಗೇಣಿ (ಕಾಯಂ ಗೇಣಿ), ಚಾಲಗೇಣಿ (ತಾತ್ಕಾಲಿಕ ಗೇಣಿ) ಪದ್ಧತಿಗಳು ಅವರಿಗಿಂತ ಹಳೆಯವು, 1862ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಹೋದ ಮೇಲೂ ಉಳಿದವು. ಇಲ್ಲಿನ ಗೇಣಿದಾರ ಕುಟುಂಬಗಳನ್ನು ಭೂಮಿಯ ಒಡೆಯರನ್ನಾಗಿ ಮಾಡಿದ್ದು 1974ರಲ್ಲಿ ಜಾರಿಗೆ ಬಂದ ನಮ್ಮದೇ ರಾಜ್ಯದ ಭೂಸುಧಾರಣೆ.

ಕಾರವಾರದಲ್ಲಿ ಕೊಂಡರೆ ಆ ಸಂಹಿತೆಯ ಗೊಡವೆಯೇ ಇಲ್ಲವೆಂದೂ ಭಾವಿಸಬೇಡಿ. ಗೋವಾದ ಕಾಯಂ ನಿವಾಸಿಗಳ ಆಸ್ತಿ ಭಾರತದಲ್ಲಿ ಎಲ್ಲಿಯೇ ಇದ್ದರೂ ಅದರ ಉತ್ತರಾಧಿಕಾರಕ್ಕೆ ಅದೇ ಸಂಹಿತೆ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ತೀರ್ಪು ಕೊಟ್ಟಿದೆ. ಕಾರವಾರದ ಪಕ್ಕದ ಸದಾಶಿವಗಡದಲ್ಲಿ ಅಂಥವರ ಪಿತ್ರಾರ್ಜಿತ ಜಾಗ ಕೊಳ್ಳುವುದಾದರೂ, ಗೋವಾದ ಕಾನೂನು ಬಲ್ಲ ವಕೀಲರಿಗೆ ಮೊದಲು ಕಾಗದಪತ್ರ ತೋರಿಸಿ, ವಾರಸುದಾರರೆಲ್ಲರ ಜೊತೆಗೆ ಅವರವರ ಪತಿ ಅಥವಾ ಪತ್ನಿಯ ಸಹಿಯನ್ನೂ ಪಡೆದ ಮೇಲೆಯೇ ಮುಂಗಡ ಕೊಡಿ.